ಒತ್ತಿಗೆ ದುಡ್ಡಿಲ್ಲ

ನಗರ್ತಪೇಟೆಯ ಓಣಿಯಲ್ಲಿ, ಜರಿ ಅಂಗಡಿಯ ಮೆಟ್ಟಿಲ ಕೆಳಗೆ
ಆರಡಿ ಅಗಲ ನನ್ನ ಅಂಗಡಿ.
ಕಪ್ಪು, ಫಲಕ, ಪದಕ, ಮದುವೆಯ ಮುಯ್ಯಿಗೆ ಸ್ಟೀಲು ಚೊಂಬು,
ಏನು ತಂದರೂ ಹೆಸರು ಕೊರೆದು ಕೊಡುತ್ತೇನೆ.
ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ.
ಒತ್ತಿಗೆ ದುಡ್ಡಿಲ್ಲ; ಅಪ್ಪನ ಕಾಲದಿಂದ ನಡೆದು ಬಂದದ್ದು.

ಜನವರಿ ಬಂದರೆ ಕಾಲೇಜುಗಳ ಸುಗ್ಗಿ.
ಕ್ರಿಕೆಟ್ ಕಪ್ಪನ್ನು ಇಬ್ಬರು ಹೊತ್ತು ತರುತ್ತಾರೆ,
ಅದರಲ್ಲಿ ಕೂಸಿಗೆ ನೀರು ಹಾಕಬಹುದು.
ಕುಸ್ತಿಯ ಫಲಕ ಬರುವುದು ಎಲ್ಲದರ ಕೊನೆಗೆ,
ಡ್ರಿಲ್ ಮೇಷ್ಟ್ರ ಸ್ಕೂಟರಿನ ಕಾಲ ಬಳಿ, ಗೋಣಿಚೀಲದಲ್ಲಿ,
'ಅರ್ಜೆಂಟೇನಿಲ್ಲ ಆಚಾರ್ರೆ' ಎಂಬ ಮಾತಿನ ಜೊತೆ.

ಅರ್ಜೆಂಟಿಲ್ಲದ ಹಾಗೆಯೇ ನಾನೂ ಕೊರೆದಿರಬೇಕು.

ಮೊನ್ನೆ ಮಧ್ಯಾಹ್ನ ಒಬ್ಬ ಬಂದ.
ಕಿವಿ ಎರಡೂ ಹಿಂಡಿ ಬಿಟ್ಟ ಹುಣಸೆಹಣ್ಣು.
ಕಂಕುಳಲ್ಲಿ ಪೇಪರು ಸುತ್ತಿದ ಹಲಗೆ.
ಬಿಚ್ಚಿದರೆ ನಡುವೆ ಹಿತ್ತಾಳೆಯ ಪೈಲ್ವಾನರಿಬ್ಬರು,
ಸುತ್ತ ಬೆರಳಗಲದ ತಗಡು, ತಗಡಿಗೊಂದು ಹೆಸರು, ಒಂದು ವರ್ಷ.
ಅಂತರ ಕಾಲೇಜು ಕುಸ್ತಿ, ಐವತ್ತೈದು ಕೆಜಿ.
ಅಕ್ಷರ ನೋಡಿದೆ. ನನ್ನದೇ ಕೈ.

'ಇಲ್ಲೊಂದು ಒತ್ತು ಬಿಟ್ಟಿದ್ದೀರ.'

ಬಚಪ್ಪ, ಎಂದಿತ್ತು ತಗಡು.
ಬಚ್ಚಪ್ಪ ಆಗಬೇಕಿತ್ತು.

ಇಪ್ಪತ್ತೊಂದು ವರ್ಷ! ನಗು ಬಂತು ನನಗೆ.
'ಸ್ವಲ್ಪ ತಡ ಆಯ್ತಲ್ಲ, ಬಚ್ಚಪ್ಪನವರೇ?'

ಅವನು ನಗಲಿಲ್ಲ.
ಯೂನಿವರ್ಸಿಟಿ ಮೂರು ಹೋಳಾಯಿತಲ್ಲ,
ಹೊಸ ಪಂದ್ಯ, ಹೊಸ ಕಪ್ಪು ಬಂದವು,
ಇದು ಯಾರಿಗೂ ಸೇರದೆ ನಮ್ಮ ಕಾಲೇಜಿನ ಬೀರುವಿನಲ್ಲಿ
ಕೆಟ್ಟುಹೋದ ಮೈಕಿನ ಹಿಂದೆ ಉಳಿಯಿತು, ಎಂದ.
ಬೀರುವಿನ ಬೀಗದಕೈ ಅವನ ಬಳಿ. ಅಟೆಂಡರು.
ಐದರೊಳಗೆ ವಾಪಸು ಇಡಬೇಕು. ಯಾರೂ ಕೇಳುವುದಿಲ್ಲ.
ಆದರೂ ಇಡಬೇಕು.

ನಾನು ಸುಮ್ಮನಿರಬಾರದೇ? ಕೇಳಿದೆ:
'ಎಷ್ಟು ಜನರಿದ್ದರು ಆ ವರ್ಷ?'
'ನಾಲ್ಕು. ಒಬ್ಬ ತೂಕದಲ್ಲೇ ಹೋದ, ಮುನ್ನೂರು ಗ್ರಾಂ ಜಾಸ್ತಿ.
ಇನ್ನೊಬ್ಬನಿಗೆ ಅವತ್ತೇ ಲ್ಯಾಬ್ ಪರೀಕ್ಷೆ.'
'ಹಾಗಾದರೆ ಒಂದೇ ಕುಸ್ತಿ.'
'ಒಂದೇ.'
'ನೋಡೋದಕ್ಕೆ?'
'ಎರಡು ಕಡೆಯ ಮೇಷ್ಟ್ರು, ಆಂಬುಲೆನ್ಸ್ ಡ್ರೈವರು,
ವಾಲಿಬಾಲ್ ಹುಡುಕಿಕೊಂಡು ಬಂದ ಪಕ್ಕದ ಕೋರ್ಟಿನ ಹುಡುಗ.
ಚೆಂಡು ಸಿಕ್ಕಮೇಲೂ ಅವನು ಹೋಗಲಿಲ್ಲ.'

ಆಮೇಲೆ ತಾನಾಗಿಯೇ ಹೇಳತೊಡಗಿದ:
ನಾಲ್ಕಕ್ಕೆ ಎದ್ದು ಕುಂಬಾರಪೇಟೆ ಗರಡಿಯ ಕೆಮ್ಮಣ್ಣು ಅಗೆದದ್ದು,
ಹಿಂದಿನ ದಿನ ನೀರೂ ಕುಡಿಯದೆ, ಎರಡೆರಡು ಸ್ವೆಟರು ತೊಟ್ಟು
ಲಾಲ್‌ಬಾಗಿನ ಬಂಡೆ ಹತ್ತಿ, ಇಳಿದು, ಹತ್ತಿದ್ದು,
ಎಂಜಲಿಗೂ ತೂಕವಿದೆ ಅಂತ ದಾರಿಯುದ್ದ ಉಗಿದದ್ದು,
ಆರು ನಿಮಿಷದಲ್ಲಿ ಐದೂವರೆ ಸಮಸಮ,
ಆಮೇಲೆ ಮಂಡಿಯ ಹಿಂದೆ ಒಂದು ಕೈ ಬಂತು, ಎಲ್ಲಿಂದ ಬಂತೋ,
ಬೆನ್ನಿಗೆ ಮ್ಯಾಟು ತಣ್ಣಗೆ ತಾಕಿತು.

ಚಾಣ ನಿಂತಿತು ನನ್ನ ಕೈಯಲ್ಲಿ.
'ಬೆನ್ನಿಗೆ? ಯಾರ ಬೆನ್ನಿಗೆ?'

'ನಾನು ಬಚ್ಚಪ್ಪ ಅಂತ ಯಾರು ಹೇಳಿದರು ನಿಮಗೆ?
ನಾನು ಷಫೀವುಲ್ಲಾ. ಸೋತವನು.
ಅವನು ಹೊಸಕೋಟೆ ಕಡೆ ನೀರಿನ ಟ್ಯಾಂಕರ್ ಓಡಿಸ್ತಾನೆ,
ಇದು ಅವನಿಗೆ ಗೊತ್ತಿಲ್ಲ, ನಾನು ಹೇಳೋದೂ ಇಲ್ಲ.
ಎರಡನೆಯವನಿಗೆ ತಗಡಿಲ್ಲ ಆಚಾರ್ರೆ.
ನನ್ನ ಕುಸ್ತಿಗೆ ಉಳಿದಿರೋ ಗುರುತು ಅವನ ಹೆಸರೊಂದೇ.
ಬಚಪ್ಪ ಅನ್ನೋನ ಜೊತೆ ನಾನು ಕುಸ್ತಿ ಹಿಡಿದಿಲ್ಲ.
ಅಂಥವನು ಇರಲೇ ಇಲ್ಲ.
ಇಲ್ಲದವನ ಕೈಲಿ ಸೋತರೆ
ಅದು ಸೋಲಾದರೂ ಹೇಗಾಗುತ್ತೆ, ನೀವೇ ಹೇಳಿ.'

ಹೇಳಲು ಬರಲಿಲ್ಲ. ಕನ್ನಡಕ ಒರೆಸಿಕೊಂಡೆ.
ಜಾಗ ಕಡಿಮೆ, ಕೆಳಗೇ ವರ್ಷ ಕೂತಿತ್ತು.
ಎಳ್ಳಿನಷ್ಟು ಸಂದಿಯಲ್ಲಿ, ಉಸಿರು ಬಿಗಿಹಿಡಿದು,
ಒಂದು ಚಕಾರದ ಅಡಿಗೆ ಇನ್ನೊಂದನ್ನು ಮಲಗಿಸಿದೆ.
ಚೂರು ಓರೆಯಾಯಿತು,
ಇನ್ನೂ ಕೊಸರಾಡುತ್ತಿರುವ ಹಾಗೆ.

ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ,
ಮೇಲಿನದನ್ನಲ್ಲ.
ಹೆಬ್ಬೆರಳಿನಿಂದ ಹಿತ್ತಾಳೆಯ ಪುಡಿ ಒರೆಸಿ
'ಎಷ್ಟಾಯ್ತು?' ಎಂದ.
ಗೋಡೆಯ ಮೇಲಿನ ದರಪಟ್ಟಿ ತೋರಿಸಿದೆ.

ನಾಲ್ಕೂ ಇಪ್ಪತ್ತು. ಅವೆನ್ಯೂ ರಸ್ತೆಯ ತುಂಬ
ಬಟ್ಟೆ ಬಂಡಲು ಹೇರಿದ ಆಟೋಗಳು, ಕೈಗಾಡಿ, ಬೈಗುಳ.
ಫಲಕವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು
ನುಗ್ಗಿಕೊಂಡು ಓಡಿದ.